ಸುಳ್ಳು ಹೆಸರಿನ ಹಿಂದೆ ಯಾರಿದ್ದಾರೆ, ಗೊತ್ತಾಗುತ್ತದೆಯೇ?

ಪ್ರಶ್ನೆ: ಸುಳ್ಳು ಹೆಸರಿನ ಖಾತೆಯಿಂದ ಹೆಣ್ಣುಮಗಳೊಬ್ಬಳ ಬಗ್ಗೆ ಜಾಲತಾಣದಲ್ಲಿ ಹೊಲಸು ಬರೆಯುತ್ತಿದ್ದಾರೆ. ಪೊಲೀಸರು ಹುಡುಕಬಲ್ಲರೇ? ಜಾಡು ಮರೆಸುವ ವಿಪಿಎನ್ ಬಳಸಿದ್ದರೆ?

ಉತ್ತರ: ಬಹಳಷ್ಟು ಸಲ ಹುಡುಕಬಲ್ಲರು. ಹೆಸರು ಸುಳ್ಳಾದರೂ, ಬರೆದ ಗಳಿಗೆಯಲ್ಲಿ ಬರೆದವರ ಫೋನು ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಬಂದಿತ್ತು ಎಂಬುದು ಸಾಮಾನ್ಯವಾಗಿ ಜಾಲತಾಣದ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂನಡಿ ಪೊಲೀಸರು ಅದನ್ನು ಕೇಳಬಹುದು. 2021ರ ಐಟಿ ನಿಯಮಗಳ ಪ್ರಕಾರ, ಆದೇಶ ತಲುಪಿದ 72 ಗಂಟೆಯೊಳಗೆ ಮಾಹಿತಿ ಕೊಡಬೇಕು. ಮುಂದೆ ಆ ವಿಳಾಸ ಯಾವ ಇಂಟರ್ನೆಟ್ ಕಂಪನಿಯದೋ ಅಲ್ಲಿಂದ ಚಂದಾದಾರರ ಹೆಸರು ತರಿಸುತ್ತಾರೆ.

ಎಡವುವುದು ಇಲ್ಲೇ. ಮೊಬೈಲ್ ಕಂಪನಿಗಳು ಒಂದೇ ಐಪಿವಿ4 (ಹಳೆಯ ಮಾದರಿಯ ಐಪಿ) ವಿಳಾಸವನ್ನು ಏಕಕಾಲಕ್ಕೆ ಹಲವಾರು ಗ್ರಾಹಕರಿಗೆ ಹಂಚಿರುತ್ತವೆ. ಅವರಲ್ಲಿ ಒಬ್ಬರನ್ನು ಬೇರ್ಪಡಿಸಲು ಪೋರ್ಟ್ ಸಂಖ್ಯೆ, ಅಂದರೆ ಆ ವಿಳಾಸದೊಳಗೆ ಪ್ರತಿ ಸಂಪರ್ಕಕ್ಕೆ ಸಿಗುವ ಉಪಸಂಖ್ಯೆ, ಬೇಕು. ಎಷ್ಟೋ ಜಾಲತಾಣಗಳು ಅದನ್ನು ಬರೆದಿಡುವುದೇ ಇಲ್ಲ. ಗಡಿಯಾರದ್ದು ಇನ್ನೊಂದು ತೊಡಕು. ದಾಖಲೆಯಲ್ಲಿ 14:20:05 ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದಿದ್ದರೆ ನಮ್ಮಲ್ಲಿ ಆಗ ಸಂಜೆ 7:50:05. ಐದೂವರೆ ಗಂಟೆ ಕೂಡಿಸಲು ಮರೆತರೆ, ಮಧ್ಯಾಹ್ನ ಅದೇ ವಿಳಾಸ ಬಳಸುತ್ತಿದ್ದ ಯಾರದೋ ಮನೆ ಬಾಗಿಲು ತಟ್ಟಿದಂತಾಗುತ್ತದೆ. ಇದು ಬರೀ ಊಹೆಯ ಭಯವಲ್ಲ. 2007ರಲ್ಲಿ ಆರ್ಕುಟ್ ಎಂಬ ಜಾಲತಾಣದಲ್ಲಿ ಶಿವಾಜಿಯನ್ನು ಅವಮಾನಿಸಿದ ಪ್ರಕರಣದಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಹಿಡಿದೊಯ್ದರು. ಐಪಿ ವಿಳಾಸದ ವಿವರವೇ ತಪ್ಪಾಗಿತ್ತು. ಏನೂ ಮಾಡದ ಮನುಷ್ಯ 50 ದಿನ ಜೈಲಿನಲ್ಲಿ ಕಳೆದರು. ಐಪಿ ವಿಳಾಸ ತನಿಖೆಯ ಮೊದಲ ಎಳೆ ಮಾತ್ರ. ಫೋನು, ಲಾಗಿನ್ ದಾಖಲೆ ತಾಳೆಯಾಗದೆ ಯಾರ ಮೇಲೂ ಕೈ ಹಾಕಬಾರದು.

ವಿಪಿಎನ್ ಇದ್ದರೆ ಕಾಣುವುದು ವಿಪಿಎನ್ ಸರ್ವರ್‌ನ ವಿಳಾಸ. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಡಬೇಕೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಿರ್ದೇಶಿಸಿದ ಮೇಲೆ ಕೆಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ವಿದೇಶದಿಂದ ಮಾಹಿತಿ ತರಿಸಲು ತಿಂಗಳುಗಳೇ ಹಿಡಿಯಬಹುದು. ಆದರೂ ದಿನವೂ ಬರೆಯುವವರು ಒಂದಲ್ಲ ಒಂದು ದಿನ ವಿಪಿಎನ್ ಹಾಕಲು ಮರೆಯುತ್ತಾರೆ, ಇಲ್ಲವೇ ಖಾತೆ ತೆರೆಯುವಾಗ ಒಟಿಪಿಗೆ ಸ್ವಂತ ನಂಬರು ಕೊಟ್ಟಿರುತ್ತಾರೆ.

ನೊಂದವರು ಮಾಡಬೇಕಾದ್ದು: ಬರಹ ತೆಗೆಸುವ ಮೊದಲು ಅದರ ಪೂರ್ತಿ ಲಿಂಕ್, ಖಾತೆಯ ಲಿಂಕ್, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಹೆಸರು ಬದಲಿಸಿದರೆ ಖಾತೆ ಸಿಗುವುದು ಕಷ್ಟ. ಠಾಣೆಯಲ್ಲಾಗಲಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಾಗಲಿ ಕೂಡಲೇ ದೂರು ಕೊಡಿ. ಸರ್ಟ್-ಇನ್ ಕಡ್ಡಾಯ ಮಾಡಿರುವುದು 180 ದಿನಗಳ ಲಾಗ್ (ಸರ್ವರ್‌ನ ದಾಖಲೆ) ಮಾತ್ರ, ಆಮೇಲೆ ಅದು ಅಳಿದಿರಬಹುದು.