ಒಂದೇ ತಾಣವೋ, ಆರು ಬ್ಲಾಗುಗಳೋ?

ಪತ್ರದ ಸಾರ: ಶಹಾಪುರ ಮತ್ತು ಸುರಪುರದ ನಾವು ಆರು ಗೆಳೆಯರು ಕವಿತೆ, ಪ್ರಬಂಧಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಮೆಚ್ಚುಗೆ ಬರುತ್ತದೆ, ಆದರೆ ಚರ್ಚೆ ಹುಟ್ಟುವುದಿಲ್ಲ. ಹಳೆಯ ಬರಹ ಹುಡುಕಿದರೆ ಸಿಗುವುದಿಲ್ಲ. ಎಲ್ಲರೂ ಸೇರಿ ಒಂದು ಜಾಲತಾಣ ತೆರೆಯಬೇಕೋ, ಒಬ್ಬೊಬ್ಬರೂ ಬ್ಲಾಗ್ ಮಾಡಿಕೊಳ್ಳಬೇಕೋ?
— ಓದುಗರೊಬ್ಬರು, ಶಹಾಪುರ

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ಒಬ್ಬೊಬ್ಬರೂ ಬ್ಲಾಗ್ ಮಾಡಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಒಂದೇ ತಾಣವಾದರೆ ಅದನ್ನು ನೋಡಿಕೊಳ್ಳುವ ಹೊಣೆ ಕೊನೆಗೆ ಒಬ್ಬರ ಹೆಗಲಿಗೇ ಬೀಳುತ್ತದೆ. ಅವರಿಗೆ ದೂರದ ಊರಿಗೆ ವರ್ಗವಾಗಿ ಪುರುಸೊತ್ತು ಸಿಗದಿದ್ದರೆ, ಅಥವಾ ವರ್ಷಕ್ಕೊಮ್ಮೆ ಕಟ್ಟಬೇಕಾದ ಡೊಮೇನ್ (ತಾಣದ ವಿಳಾಸದ ಹೆಸರು) ಶುಲ್ಕ ಮರೆತುಹೋದರೆ, ಆರೂ ಮಂದಿಯ ಬರಹ ಒಟ್ಟಿಗೇ ಕಣ್ಮರೆಯಾದೀತು.

ಆದರೆ ಆರು ಬ್ಲಾಗುಗಳಿದ್ದ ಮಾತ್ರಕ್ಕೆ ಬಳಗ ಕಟ್ಟಿದಂತಾಗುವುದಿಲ್ಲ. ಒಬ್ಬರ ಬರಹಕ್ಕೆ ಇನ್ನೊಬ್ಬರು ಬರಹದಿಂದಲೇ ಉತ್ತರ ಕೊಟ್ಟಾಗ ಬಳಗ ಹುಟ್ಟುತ್ತದೆ. ನೀವು ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ (ಭೂತಾಯಿಗೆಂದು ಹೊಲದಲ್ಲಿ ಚೆಲ್ಲುವ ಅಡುಗೆಯ ಎಡೆ) ಚೆಲ್ಲಿದ್ದನ್ನು, ಬುತ್ತಿಯಲ್ಲಿದ್ದ ಸಜ್ಜೆ ರೊಟ್ಟಿ ಮತ್ತು ಭಜ್ಜಿಯನ್ನು, ಚರಗದ ಜೊತೆ ಕೂಗುವ ಕೂಗನ್ನು ಬರೆದಿರೆಂದು ಇಟ್ಟುಕೊಳ್ಳೋಣ. ಸುರಪುರದ ಗೆಳೆಯರು ಅದಕ್ಕೆ ‘ಚೆನ್ನಾಗಿದೆ’ ಎಂದು ಸುಮ್ಮನಾಗದೆ, ತಮ್ಮ ಕಡೆ ಆ ಕೂಗು ಹೇಗಿದೆ, ಅಜ್ಜಿ ಅದನ್ನು ಹೇಗೆ ಹೇಳುತ್ತಿದ್ದರು ಎಂದು ತಮ್ಮ ಬ್ಲಾಗಿನಲ್ಲಿ ಬರೆದು, ನಿಮ್ಮ ಬರಹಕ್ಕೆ ಕೊಂಡಿ ಹಾಕಬೇಕು. ಮುಂದೊಂದು ದಿನ ಬೀದರಿನಲ್ಲೋ ಬೆಂಗಳೂರಿನಲ್ಲೋ ಯಾರಾದರೂ ‘ಚರಗ’ ಎಂದು ಹುಡುಕಿದರೆ ಮೊದಲು ಆ ಗೆಳೆಯರ ಬರಹವನ್ನು, ಅಲ್ಲಿನ ಕೊಂಡಿಯಿಂದ ನಿಮ್ಮ ಬರಹವನ್ನು ತಲುಪಬಹುದು. ಗುಂಪಿನೊಳಗೆ ಉಳಿದ ಸಂದೇಶಕ್ಕೆ ಈ ಭಾಗ್ಯವಿಲ್ಲ. ಹುಡುಕುವವರು ಇಂಥ ಪದಗಳಿಂದಲೇ ಬರುವುದರಿಂದ ನಮ್ಮ ಭಾಗದ ಮಾತನ್ನು ತಿದ್ದದೆ, ಇದ್ದಂತೆಯೇ ಬರೆಯಿರಿ.

ಆರು ಕಡೆ ಹೊಸದೇನು ಬಂತೆಂದು ದಿನವೂ ಇಣುಕಿ ನೋಡಬೇಕಿಲ್ಲ. ಬ್ಲಾಗ್ ಸೇವೆಗಳಾದ ವರ್ಡ್‌ಪ್ರೆಸ್, ಬ್ಲಾಗರ್ ಎರಡರಲ್ಲೂ ಆರ್‌ಎಸ್‌ಎಸ್ ಫೀಡ್, ಅಂದರೆ ಹೊಸ ಬರಹಗಳನ್ನು ಬೇರೆ ಆ್ಯಪ್‌ಗಳು ಓದಿಕೊಳ್ಳಬಲ್ಲ ಪಟ್ಟಿ, ತಾನಾಗಿಯೇ ಸಿದ್ಧವಾಗುತ್ತದೆ. ಫೀಡ್ ಓದುವ ಆ್ಯಪ್‌ಗೆ ಆರೂ ವಿಳಾಸ ಕೊಟ್ಟರೆ ಹೊಸ ಬರಹಗಳು ಒಂದೇ ಕಡೆ ಬಂದು ಸೇರುತ್ತವೆ. ಫೀಡ್ ಓದಲು ಇದ್ದ ಗೂಗಲ್ ರೀಡರ್ ಎಂಬ ಸೇವೆ 2013ರಲ್ಲಿ ನಿಂತಿತು, ಆದರೆ ಆರ್‌ಎಸ್‌ಎಸ್ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲದ್ದರಿಂದ ಇಂದಿಗೂ ಉಳಿದಿದೆ.

ಎರಡು ಎಚ್ಚರಿಕೆಗಳನ್ನು ಅನುಭವದಿಂದ ಹೇಳುತ್ತೇನೆ. ವರ್ಷಗಳ ಹಿಂದೆ ಹಳೆಯ ಫಾಂಟಿನಲ್ಲಿ ಟೈಪಾಗಿ ಬಂದ ಕಥೆಯೊಂದನ್ನು ನಾವು ಹಾಗೆಯೇ ಜಾಲಕ್ಕೇರಿಸಿದೆವು. ಓದುಗರ ಪರದೆಯ ಮೇಲೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಲೇಖಕಿಗಾದ ನೋವು ನನಗೆ ಇನ್ನೂ ನೆನಪಿದೆ. ಹಳೆಯ ಕಡತಗಳಿದ್ದರೆ ಮೊದಲು ಯುನಿಕೋಡ್‌ಗೆ (ಎಲ್ಲ ಸಾಧನಗಳಲ್ಲೂ ಕನ್ನಡ ಸರಿಯಾಗಿ ಕಾಣಿಸುವ ಅಕ್ಷರ ವ್ಯವಸ್ಥೆಗೆ) ಬದಲಿಸಿಕೊಳ್ಳಿ. ಇನ್ನೊಂದು, ಬರೆದದ್ದರ ಪ್ರತಿ ನಿಮ್ಮ ಬಳಿಯೂ ಇರಲಿ. 2009ರಲ್ಲಿ ಉಚಿತ ಜಾಲಪುಟಗಳ ಸೇವೆ ಜಿಯೋಸಿಟೀಸ್, 2014ರಲ್ಲಿ ಸಾಮಾಜಿಕ ಜಾಲತಾಣ ಆರ್ಕುಟ್ ಬಾಗಿಲು ಹಾಕಿದಾಗ ಎಷ್ಟೋ ಜನರ ಬರಹವೂ ಒಡನಾಟವೂ ಅವುಗಳೊಂದಿಗೇ ಹೋದವು. ಬ್ಲಾಗಿನ ಬರಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ತಿಂಗಳಿಗೊಮ್ಮೆ ಆ ಕೆಲಸ ಮಾಡಿ.

ಎಳ್ಳಮವಾಸ್ಯೆಯ ಬರಹ ಸಿದ್ಧವಾದಾಗ ವಿಳಾಸ ಕಳಿಸಿ. ಆಳಂದದ ಕಡೆಯ ನಮ್ಮ ಹೊಲದಲ್ಲಿ ಚರಗ ಹೇಗೆ ಚೆಲ್ಲುತ್ತಿದ್ದೆವೆಂದು ನನ್ನ ಬ್ಲಾಗಿನಲ್ಲಿ ಬರೆದು, ನಿಮ್ಮ ಬರಹಕ್ಕೆ ಕೊಂಡಿ ಹಾಕುತ್ತೇನೆ.

— ಸಂಪಾದಕ, ಕಲಬುರಗಿ