ಹನ್ನೆರಡು ನಾಯಿ, ತಿಂಗಳಿಗೆ ಎಂಟು ಸಾವಿರ: ಓದುಗರ ಪ್ರಶ್ನೆಗಳಿಗೆ ಉತ್ತರ

ಗಾಯಗೊಂಡ, ಯಾರೋ ಬಿಟ್ಟುಹೋದ ನಾಯಿಗಳಿಗೆ ಹಿತ್ತಲಲ್ಲೋ ತೋಟದ ಶೆಡ್ಡಿನಲ್ಲೋ ಜಾಗ ಕೊಟ್ಟಿರುವ ತುಮಕೂರು ಜಿಲ್ಲೆಯ ಓದುಗರು ಬರೆದ ಪತ್ರಗಳಿಗೆ ಈ ಬಾರಿ ಉತ್ತರ. ಎಲ್ಲ ಪತ್ರಗಳಲ್ಲೂ ಇರುವ ಸಂಕಟ ಒಂದೇ: ದುಡ್ಡು ಸಾಲುತ್ತಿಲ್ಲ.

ಪ್ರಶ್ನೆ: ನಮ್ಮಲ್ಲಿ 12 ನಾಯಿಗಳಿವೆ. ಗೆಳೆಯರು ಕೊಡುವುದೂ ನಮ್ಮ ಕೈಯಿಂದ ಹಾಕುವುದೂ ಸೇರಿ ತಿಂಗಳಿಗೆ 8,000 ರೂಪಾಯಿ ಆಗುತ್ತದೆ. 20ನೇ ತಾರೀಖು ದಾಟಿದರೆ ಸಾಲ ಮಾಡಬೇಕು. ಎಲ್ಲಿ ಕಡಿಮೆ ಮಾಡುವುದು? (ಕ್ಯಾತ್ಸಂದ್ರ)

ಒಂದು ನಾಯಿಗೆ ಒಂದು ದಿನಕ್ಕೆ ಏನು ಬೀಳುತ್ತದೆ ಎಂದು ಮೊದಲು ಬರೆದುಕೊಳ್ಳಿ. ಆ ಲೆಕ್ಕವಿಲ್ಲದೆ ಕೈ ಬಿಗಿಹಿಡಿದರೆ ಕತ್ತರಿ ಬೀಳುವುದು ಲಸಿಕೆಗೆ. ಲಸಿಕೆ ಬಿಟ್ಟ ತಪ್ಪಿಗೆ ಮುಂದಿನ ತಿಂಗಳು ಅದರ ಹತ್ತರಷ್ಟು ಡ್ರಿಪ್ಪಿಗೆ ಸುರಿಯಬೇಕಾಗುತ್ತದೆ.

ನಮ್ಮ ಬೀದಿಗಳಲ್ಲಿ ಕಾಣುವ, ಸುಮಾರು 15 ಕೆ.ಜಿ. ತೂಗುವ ನಾಯಿಗೆ ದಿನಕ್ಕೆ 850 ಕ್ಯಾಲೊರಿಯ ಆಸುಪಾಸು ಬೇಕು. 75 ಗ್ರಾಂ ಅಕ್ಕಿ ನುಚ್ಚು, 75 ಗ್ರಾಂ ರಾಗಿ ಹಿಟ್ಟು, 150 ಗ್ರಾಂ ಚರ್ಮ ಸಮೇತದ ಚಿಕನ್, ಒಂದು ಹಿಡಿ ಸಿಹಿಗುಂಬಳ ಹಾಕಿದರೆ ಅಷ್ಟಾಗುತ್ತದೆ. ನುಚ್ಚು ಮತ್ತು ರಾಗಿ ಕೆ.ಜಿ.ಗೆ 40 ರೂ., ಅಂಗಡಿಯವರು ಬೇರೆ ತೆಗೆದಿಡುವ ಕತ್ತು, ಚರ್ಮ, ಚೂರುಗಳು ಕೆ.ಜಿ.ಗೆ 60 ರೂ. ಎಂದಿಟ್ಟುಕೊಳ್ಳಿ. ಕಾಳಿಗೆ 6, ಮಾಂಸಕ್ಕೆ 9, ಗ್ಯಾಸು ತರಕಾರಿಗೆ 3, ಒಟ್ಟು ದಿನಕ್ಕೆ 18 ರೂ. ಹನ್ನೆರಡಕ್ಕೆ ತಿಂಗಳಿಗೆ 6,480. ಔಷಧಿ, ಲಸಿಕೆ, ಬ್ಲೀಚಿಂಗ್ ಪೌಡರ್, ಆಟೋ ಬಾಡಿಗೆ ಎಲ್ಲಕ್ಕೂ ಉಳಿಯುವುದು 1,520. ಒಂದು ಮರಿ ಮೂರು ದಿನ ಡ್ರಿಪ್ಪಿನ ಮೇಲೆ ಮಲಗಿದರೆ ಅದೂ ಮುಗಿಯಿತು.

ಅದೇ ಎಂಟು ನಾಯಿಯಾದರೆ ಊಟಕ್ಕೆ 4,320. ಉಳಿಯುವುದು 3,680. ನಿಮ್ಮ ಆದಾಯಕ್ಕೆ ಇವತ್ತಿನ ಮಟ್ಟಿಗೆ ಹೊಂದುವ ಸಂಖ್ಯೆ ಎಂಟು. ಕೇಳಲು ಕಷ್ಟವಾಗುತ್ತದೆ ಎಂದು ಗೊತ್ತು. ಆದರೆ ಹದಿಮೂರನೆಯದನ್ನು ಒಳಗೆ ಸೇರಿಸಿದ ದಿನ ಉಳಿದ ಹನ್ನೆರಡರ ಪಾಲಿನ ಔಷಧಿಗೆ ಕೈ ಹಾಕಿದಂತಾಗುತ್ತದೆ.

ಹನ್ನೆರಡರಿಂದ ಎಂಟಕ್ಕೆ ಬರುವುದು ಹೇಗೆ? ಗಾಯ ಮಾಗಿದ, ಸಂತಾನಹರಣ ಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆದ ಬೀದಿನಾಯಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡಿ. ಅದು ಬೆಳೆದ ಬೀದಿಯಲ್ಲಿ ಅನ್ನ ಹಾಕುವವರಿದ್ದರೆ ಅಲ್ಲಿಗೇ ಬಿಡಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆನ್ನುತ್ತವೆ. ಸಣ್ಣ ಗಾಯ, ಕಜ್ಜಿ ಇರುವ ನಾಯಿಗೆ ಇದ್ದಲ್ಲೇ ಮದ್ದು ಮಾಡಿ. ಊಟದಲ್ಲಿ ಮಾತ್ರೆ ಕೊಡಲು ಆ ಬೀದಿಯ ಒಬ್ಬರು ಒಪ್ಪಿದರೆ ಶೆಡ್ಡಿನ ಜಾಗ ಉಳಿಯಿತು. ಸಾಕುವವರನ್ನು ಹುಡುಕುವ ಕೆಲಸವನ್ನು ನಾಯಿ ಬಂದ ವಾರದಲ್ಲೇ ಶುರುಮಾಡಿ. 90 ದಿನಕ್ಕೆ ಹೋಗುವ ನಾಯಿ 30 ದಿನಕ್ಕೇ ಹೋದರೆ ಊಟದಲ್ಲೇ 1,080 ರೂ. ಮಿಕ್ಕುತ್ತದೆ.

ಪ್ರಶ್ನೆ: ಕಲ್ಯಾಣ ಮಂಟಪದಲ್ಲಿ, ಹೋಟೆಲಿನಲ್ಲಿ ಮಿಕ್ಕ ಅನ್ನ, ಬಿರಿಯಾನಿ ಪುಕ್ಕಟೆ ಕೊಡುತ್ತಾರೆ. ಹಾಕಬಹುದೆ? (ತಿಪಟೂರು)

ಸಾರು ಕಲಸದ ಬಿಳಿ ಅನ್ನ ಮಾತ್ರ ತನ್ನಿ. ಬಿರಿಯಾನಿ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ತಿಂದ ದಿನ ಏನೂ ಕಾಣುವುದಿಲ್ಲ. ಮೂರು ನಾಲ್ಕು ದಿನ ಬಿಟ್ಟು ವಸಡು ಬಿಳಿಚಿಕೊಂಡು ನಾಯಿ ಸುಸ್ತಾಗುವುದರಿಂದ ಇದಕ್ಕೂ ಅದಕ್ಕೂ ನಂಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಬೆಂದ ಮೂಳೆ ಸೀಳಿಕೊಂಡು ಕರುಳಿಗೆ ಚುಚ್ಚುತ್ತದೆ.

ಅನ್ನವಾದರೂ ಪಾತ್ರೆಯಲ್ಲಿ ಬೆಚ್ಚಗೆ ಗಂಟೆಗಟ್ಟಲೆ ಮುಚ್ಚಿಟ್ಟಿದ್ದು ಹಳಸಿರುತ್ತದೆ, ಮತ್ತೆ ಕುದಿಸಿದರೂ ಅದರ ವಿಷ ಹೋಗುವುದಿಲ್ಲ. ಪಂಕ್ತಿ ಮುಗಿದ ಕೂಡಲೇ ತಂದು, ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಅವತ್ತೇ ಹಾಕಿ ಮುಗಿಸಿ. ಅನ್ನದಿಂದ ಹೊಟ್ಟೆ ತುಂಬಿದರೂ ಮಾಂಸದ ಪಾಲು ಬಿಡಬಾರದು.

ಮನೆಯಲ್ಲಿ ಬೇಯಿಸುವವರಿಗೆ ಎರಡು ಮಾತು. ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನುಚ್ಚಿಗೆ ಹಾಕಿ, ಹಸಿ ವಾಸನೆ ಪೂರಾ ಹೋಗುವವರೆಗೆ ತಿರುವಿ. ಅರೆಬೆಂದ ರಾಗಿಯಿಂದ ಭೇದಿಯಾಗುತ್ತದೆ. ಆಮೇಲೆ ಜನ ರಾಗಿಯೇ ಆಗಿಬರುವುದಿಲ್ಲ ಎನ್ನುತ್ತಾರೆ. ಇನ್ನೊಂದು, ಸುಣ್ಣದಂಶ (ಕ್ಯಾಲ್ಸಿಯಂ). ಚಿಕನ್ ಕತ್ತನ್ನು ಕುಕ್ಕರಿನಲ್ಲಿ, ಮೂಳೆ ಬೆರಳಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಿಸಿದರೆ ಅದರಲ್ಲೇ ಸಿಗುತ್ತದೆ. ಮೂಳೆಯಿಲ್ಲದ ಚೂರು ಹಾಕುವುದಾದರೆ ಮೊಟ್ಟೆ ಸಿಪ್ಪೆಯನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ನಾಯಿಗೆ ದಿನಕ್ಕೆ ಅರ್ಧ ಟೀ ಚಮಚ ಬೆರೆಸಿ. ಬೇಕರಿಯಲ್ಲಿ ಕೇಳಿದರೆ ಸಿಪ್ಪೆ ಚೀಲಗಟ್ಟಲೆ ಸಿಗುತ್ತದೆ.

ಪ್ರಶ್ನೆ: ಗೇಟಿನ ಮುಂದೆ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು ಹೋಗುತ್ತಾರೆ. ಎರಡು ಸಲ ಪಾರ್ವೊ (ವಾಂತಿ, ರಕ್ತಭೇದಿಯ ಸೋಂಕು) ಬಂದು ಮರಿಗಳು ಸತ್ತವು. ದಿನಾ ಫಿನಾಯಿಲ್ ಹಾಕಿ ತೊಳೆಯುತ್ತೇವೆ, ಆದರೂ ಯಾಕೆ ಹೀಗೆ? (ಶಿರಾ)

ಫಿನಾಯಿಲ್‌ಗೆ ಪಾರ್ವೊ ವೈರಾಣು ಸಾಯುವುದಿಲ್ಲ. ಡೆಟಾಲ್‌ಗೂ ಇಲ್ಲ, ಸ್ಪಿರಿಟ್‌ಗೂ ಇಲ್ಲ. ವಾಸನೆ ಜೋರಾಗಿ ಬಂತೆಂದು ನೆಲ ಶುದ್ಧವಾಯಿತೆಂದು ತಿಳಿದುಕೊಳ್ಳುತ್ತೇವೆ, ಅಷ್ಟೆ. ಬೆಕ್ಕುಗಳಿದ್ದರಂತೂ ಫಿನಾಯಿಲ್ ಶೆಡ್ಡಿನೊಳಗೆ ಬರಲೇಬಾರದು, ಅವುಗಳಿಗದು ವಿಷ.

ಕೈಗೆಟಕುವ ಬೆಲೆಯಲ್ಲಿ ಕೆಲಸ ಮಾಡುವುದು ಬ್ಲೀಚಿಂಗ್ ಪೌಡರ್. 10 ಲೀಟರ್ ನೀರಿಗೆ 70 ಗ್ರಾಂ, ಕಣ್ಣಂದಾಜು ಬೇಡ, ತಕ್ಕಡಿಯಲ್ಲಿ ತೂಗಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ಅರ್ಧ ಗಂಟೆ ಬಿಡಿ, ಗಸಿ ತಳಕ್ಕಿಳಿದ ಮೇಲೆ ತಿಳಿನೀರು ಬಗ್ಗಿಸಿಕೊಳ್ಳಿ. ಇದನ್ನು ನೇರ ಮಲದ ಮೇಲೆ ಸುರಿದರೆ ವ್ಯರ್ಥ, ಕ್ಲೋರಿನ್ನಿನ ಶಕ್ತಿಯೆಲ್ಲ ಆ ಕೊಳೆಗೇ ಖರ್ಚಾಗುತ್ತದೆ. ಉಚ್ಚೆಯ ಮೇಲೆ ಸುರಿದರೆ ಕಣ್ಣು ಗಂಟಲು ಉರಿಯುವ ಗಾಳಿ ಏಳುತ್ತದೆ. ಹಾಗಾಗಿ ಮೊದಲು ಮಲ ತೆಗೆದು, ಸೋಪಿನ ನೀರಲ್ಲಿ ಉಜ್ಜಿ, ಬರೀ ನೀರು ಹಾಕಿ ತೊಳೆಯಿರಿ. ಆಮೇಲೆ ಬ್ಲೀಚಿಂಗ್ ತಿಳಿ ಸುರಿದು ನೆಲ 10 ನಿಮಿಷ ಒದ್ದೆಯಾಗಿಯೇ ಇರಲಿ. ಕೊನೆಗೆ ಮತ್ತೆ ನೀರು ಹಾಕಿ ತೊಳೆದು ಒಣಗಿಸಿ. ಆಸಿಡ್, ಫಿನಾಯಿಲ್ ಜೊತೆ ಎಂದೂ ಬೆರೆಸಬೇಡಿ. ಪೌಡರ್ ಚೀಲ ಬಿಚ್ಚಿದ ಮೇಲೆ ಶಕ್ತಿ ಇಳಿಯುತ್ತ ಹೋಗುತ್ತದೆ: ಮುದ್ದೆಗಟ್ಟಿ, ಮೂಗಿಗೆ ಘಾಟು ಹೊಡೆಯದಿದ್ದರೆ ಅದು ಬರೀ ಸುಣ್ಣ. ಕೆ.ಜಿ. ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ತಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆರಳಿನಲ್ಲಿಡಿ.

ಮಣ್ಣಿನ ನೆಲದ ಮೇಲೆ ಇದೂ ನಡೆಯುವುದಿಲ್ಲ. ಪಾರ್ವೊ ಬಂದ ಮಣ್ಣಿನಲ್ಲಿ ವೈರಾಣು ತಿಂಗಳುಗಟ್ಟಲೆ, ವರ್ಷದವರೆಗೂ ಉಳಿಯಬಲ್ಲದು. ಆ ಜಾಗಕ್ಕೆ ಒಂದು ವರ್ಷ ಮರಿಗಳನ್ನು ಬಿಡಬೇಡಿ. ಲಸಿಕೆಯಾದ ದೊಡ್ಡ ನಾಯಿಗಳು ಇರಬಹುದು. ಶೆಡ್ಡಿನಿಂದ ದೂರದ ಮೂಲೆಯಲ್ಲಿ, ನೀರು ಹೊರಗೆ ಹರಿಯುವ ಇಳಿಜಾರಿನೊಡನೆ 6 ಅಡಿ 4 ಅಡಿಯ ಸಿಮೆಂಟ್ ಕಟ್ಟೆ ಹಾಕಿಸಿ. ಇರುವ ದುಡ್ಡಿನಲ್ಲಿ ಒಂದೇ ಒಂದು ಕಟ್ಟಡ ಕೆಲಸ ಮಾಡಿಸುವುದಾದರೆ ಅದು ಇದೇ ಆಗಲಿ.

ಹೊಸ ಮರಿ ಆ ಕಟ್ಟೆಯಲ್ಲಿ 14 ದಿನ ಇರಬೇಕು. ಸೋಂಕು ತಗುಲಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರ ಏನೂ ಕಾಣದೆ ಮರಿ ಆಡಿಕೊಂಡೇ ಇರುತ್ತದೆ. ಮುದ್ದಾಗಿದೆ, ಚುರುಕಾಗಿದೆ ಎಂದು ಎರಡನೆಯ ದಿನವೇ ಬೇರೆಯವುಗಳ ಜೊತೆ ಬಿಟ್ಟಲ್ಲೇ ನಿಮಗೆ ಪೆಟ್ಟು ಬಿದ್ದಿರಬೇಕು. ಕಟ್ಟೆಗೆ ಬೇರೆ ಪೊರಕೆ, ಬೇರೆ ಬಕೆಟ್, ಬೇರೆ ಚಪ್ಪಲಿ. ದಿನದ ಕೆಲಸದಲ್ಲಿ ಆರೋಗ್ಯವಾಗಿರುವ ಮರಿಗಳು ಮೊದಲು, ದೊಡ್ಡವು ನಂತರ, ಕಟ್ಟೆ ಎಲ್ಲಕ್ಕಿಂತ ಕೊನೆಗೆ; ಅಲ್ಲಿಂದ ನೇರ ಸ್ನಾನಕ್ಕೆ. ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ಇಡಿ, ಉಂಡ ಮೇಲೆ ಸುಟ್ಟುಬಿಡಿ. ಮರಿ ಬಂದ ಪೆಟ್ಟಿಗೆಯನ್ನೂ ಅವತ್ತೇ ಸುಡಿ.

ಪಾರ್ವೊ ಲಸಿಕೆ ಮರಿಗೆ ಆರು ವಾರವಾದಾಗ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಬೇಕು. ತಾಯಿಯಿಂದ ಬಂದ ರಕ್ಷಣೆ ಮೊದಲ ಲಸಿಕೆಯನ್ನು ಕೆಲಸ ಮಾಡಲು ಬಿಡದೆ ಇರಬಹುದು, ಆದ್ದರಿಂದ ‘ಒಂದು ಹಾಕಿಸಿದ್ದೇವಲ್ಲ’ ಎಂದು ನಿಲ್ಲಿಸುವ ಹಾಗಿಲ್ಲ. ಲಸಿಕೆ ತರುವ ದಾರಿಯಲ್ಲೂ ದುಡ್ಡು ಹಾಳಾಗುತ್ತದೆ. 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕಾದ ವಯಲನ್ನು (ಲಸಿಕೆಯ ಸೀಸೆ) ತುಮಕೂರಿನಿಂದ ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ತಂದರೆ ಚುಚ್ಚುವುದು ಬರೀ ನೀರನ್ನು. ಅಗಲ ಬಾಯಿಯ ಥರ್ಮಾಸಿನಲ್ಲಿ ಐಸ್ ಹಾಕಿ, ವಯಲನ್ನು ನಾಲ್ಕು ಮಡಿಕೆ ಕಾಗದದಲ್ಲಿ ಸುತ್ತಿಡಿ. ಐಸಿಗೆ ನೇರ ತಗುಲಿ ಹೆಪ್ಪುಗಟ್ಟಿದರೂ ರೇಬೀಸ್ ಲಸಿಕೆ ಕೆಡುತ್ತದೆ. ಮೂರು ತಿಂಗಳು ತುಂಬಿದ ಮರಿಗಳಿಗೆ ರೇಬೀಸ್ ಲಸಿಕೆಯನ್ನು ಹತ್ತು ಡೋಸಿನ ವಯಲ್ ತಂದು, ಬೀದಿಯವನ್ನೂ ಸೇರಿಸಿಕೊಂಡು ಒಂದೇ ದಿನ ಹಾಕಿಸಿದರೆ ಅಗ್ಗ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತಮುತ್ತ ಪಶುಪಾಲನಾ ಇಲಾಖೆಯ ಉಚಿತ ಶಿಬಿರಗಳು ನಡೆಯುತ್ತವೆ, ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಪ್ರಶ್ನೆ: ಔಷಧಿ ಅಂಗಡಿಯಲ್ಲೂ ಖಾಸಗಿ ವೈದ್ಯರಲ್ಲೂ ಬಾಕಿ ಬೆಳೆಯುತ್ತಿದೆ. ನಾವೇ ಮಾತ್ರೆ ತಂದು ಕೊಟ್ಟರೆ ಉಳಿಯುವುದಿಲ್ಲವೆ? (ಕುಣಿಗಲ್)

ಚೀಟಿ ವೈದ್ಯರದೇ ಇರಲಿ, ಉಳಿತಾಯವನ್ನು ಕೊಳ್ಳುವ ಕಡೆ ನೋಡಿ. ಡಾಕ್ಸಿಸೈಕ್ಲಿನ್, ಮೆಟ್ರೊನಿಡಜೋಲ್‌ನಂಥವು ಮನುಷ್ಯರಿಗೂ ಪ್ರಾಣಿಗಳಿಗೂ ಒಂದೇ ಔಷಧಿ. ಬ್ರಾಂಡ್ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ, ಜನೌಷಧಿ ಕೇಂದ್ರದಲ್ಲಿ ತನ್ನಿ. ತುರ್ತಲ್ಲದ ಕೇಸುಗಳನ್ನು ಸರ್ಕಾರಿ ಪಶು ಆಸ್ಪತ್ರೆಗೆ, ಜಿಲ್ಲಾ ಪಾಲಿಕ್ಲಿನಿಕ್ಕಿಗೆ ವಾರದಲ್ಲಿ ಒಂದು ದಿನ ಒಟ್ಟಿಗೆ ಒಯ್ದರೆ ಆಟೋ ಖರ್ಚು ಹಂಚಿಹೋಗುತ್ತದೆ.

ಉಣ್ಣೆ ಹುಳು ಕಚ್ಚಿ ಬರುವ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ಐದನೆಯ ದಿನಕ್ಕೇ ನಾಯಿ ಎದ್ದು ಉಣ್ಣುತ್ತದೆ, ಅಲ್ಲಿಗೇ ನಿಲ್ಲಿಸುವವರು ಬಹಳ. ಕಾಯಿಲೆ ಮರುಕಳಿಸಿ ರಕ್ತಪರೀಕ್ಷೆಯಿಂದ ಹಿಡಿದು ಎಲ್ಲ ಖರ್ಚೂ ಮೊದಲಿನಿಂದ. ಮಾತ್ರೆಯನ್ನು ಒಣದಾಗಿ ನುಂಗಿಸಬೇಡಿ, ಊಟದ ಉಂಡೆಯಲ್ಲಿ ಕೊಟ್ಟು ನೀರು ಕುಡಿಸಿ. ಗಂಟಲಲ್ಲಿ ಕೂತರೆ, ಅದರಲ್ಲೂ ಬೆಕ್ಕಿಗೆ, ಅನ್ನನಾಳ ಸುಟ್ಟು ಹುಣ್ಣಾಗುತ್ತದೆ.

ಮನೆಯಲ್ಲಿರುವ ನೋವಿನ ಮಾತ್ರೆಗಳನ್ನು ಮುಟ್ಟಲೇಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಕಾರಿಸುತ್ತವೆ.

ಹೊಲಿಗೆ ನೆಕ್ಕದಂತೆ ಹಾಕುವ ಕೊರಳಪಟ್ಟಿಯನ್ನು ಮಾತ್ರ ಧಾರಾಳವಾಗಿ ಮನೆಯಲ್ಲೇ ಮಾಡಿ. ಹಳೇ ಪ್ಲಾಸ್ಟಿಕ್ ಬಕೆಟ್ಟಿನ ತಳವನ್ನು ಕೊರಳಿನ ಅಳತೆಗೆ ದುಂಡಗೆ ಕತ್ತರಿಸಿ, ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಆ ಅಂಚಿಗೆ ಸಿಕ್ಕಿಸಿ, ಚರ್ಮ ಕೊಯ್ಯುವುದಿಲ್ಲ. ನಾಲ್ಕು ಕಡೆ ತೂತು ಹಾಕಿ ಬೆಲ್ಟಿಗೆ ಲಾಡಿಯಿಂದ ಕಟ್ಟಿ. ಬಕೆಟ್ಟಿನ ಬಾಯಿ ಮೂಗಿಗಿಂತ ಮೂರು ಬೆರಳು ಮುಂದಿರಬೇಕು. ಗಿಡ್ಡವಾದರೆ ನಾಲಿಗೆ ಹೊಲಿಗೆಗೆ ಎಟಕುತ್ತದೆ.

ಪ್ರಶ್ನೆ: ಟ್ರಸ್ಟ್ ಮಾಡಲೇಬೇಕೆ? ಈಗ ನನ್ನ ಸ್ವಂತ ಖಾತೆಯ ಯುಪಿಐಗೆ ದೇಣಿಗೆ ಬರುತ್ತಿದೆ. (ತುಮಕೂರು ನಗರ)

ಗುರುತಿನವರಷ್ಟೇ ಕೊಡುತ್ತಿರುವವರೆಗೆ ಬೇರೆ ಖಾತೆಯೊಂದನ್ನು ತೆರೆದು, ಪ್ರತಿ ತಿಂಗಳು ಬಂದದ್ದು ಹೋದದ್ದನ್ನು ಕೊಟ್ಟವರಿಗೆಲ್ಲ ಕಳುಹಿಸಿದರೆ ನಡೆಯುತ್ತದೆ. ಅಪರಿಚಿತರೂ ಕಂಪನಿಗಳೂ ಕೊಡಲು ಮುಂದೆ ಬಂದಾಗ ನೋಂದಣಿ ಬೇಕು. ಇಬ್ಬರು ಮೂವರು ನಂಬಿಕಸ್ಥರಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಬಹುದು. ಸೊಸೈಟಿಯಾದರೆ ಕನಿಷ್ಠ ಏಳು ಜನ ಸದಸ್ಯರಿರಬೇಕು. ನಂತರ ಟ್ರಸ್ಟಿನ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ, ಆಮೇಲೆ ಆದಾಯ ತೆರಿಗೆ ಇಲಾಖೆಯ ನೋಂದಣಿ. ದೇಣಿಗೆ ಕೊಟ್ಟವರಿಗೆ ಸಿಗುವ, ಜನ 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿ 2,000 ರೂಪಾಯಿಗೂ ಮೇಲಿನ ನಗದು ದೇಣಿಗೆಗೆ ಸಿಗುವುದಿಲ್ಲ, ದಾನಿಗಳಿಗೆ ಮೊದಲೇ ತಿಳಿಸಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿಲ್ಲದೆ ವಿದೇಶಿ ದೇಣಿಗೆ ಒಂದು ರೂಪಾಯಿಯೂ ತೆಗೆದುಕೊಳ್ಳುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ಬಂಧುಗಳು ಕೊಡುವುದು ವಿದೇಶಿ ದೇಣಿಗೆ ಅಲ್ಲ, ಆದರೆ ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ: ನಾಯಿ ಕಚ್ಚಿದರೆ ಸುಣ್ಣ, ಖಾರದಪುಡಿ ಹಚ್ಚಿ ಎನ್ನುತ್ತಾರೆ. (ಮಧುಗಿರಿ)

ಏನನ್ನೂ ಹಚ್ಚಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಶೆಡ್ಡಿನಲ್ಲಿ ಕೈಜೋಡಿಸುವ ಪ್ರತಿಯೊಬ್ಬರೂ ಕಚ್ಚಿಸಿಕೊಳ್ಳುವ ಮುಂಚೆಯೇ 0 (ಮೊದಲ ಚುಚ್ಚುಮದ್ದಿನ ದಿನ), 7 ಮತ್ತು 21 ಅಥವಾ 28ನೇ ದಿನ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು. ಹಾಕಿಸಿಕೊಂಡವರಿಗೆ ಮುಂದೆ ಕಚ್ಚಿದಾಗ 0 ಮತ್ತು 3ನೇ ದಿನದ ಎರಡು ಚುಚ್ಚುಮದ್ದು ಸಾಕು.

ಪ್ರಶ್ನೆ: ಉಣ್ಣೆ ಎಷ್ಟು ಕಿತ್ತರೂ ಮತ್ತೆ ಬರುತ್ತವೆ. (ಗುಬ್ಬಿ)

ನಾಯಿಯ ಮೈಮೇಲೆ ಕಾಣುವುದು ಸ್ವಲ್ಪವೇ, ಹೆಚ್ಚಿನವು ಗೋಡೆಯ ಬಿರುಕಿನಲ್ಲಿವೆ. ರಕ್ತ ಕುಡಿದು ಊದಿದ ಹೆಣ್ಣು ಉಣ್ಣೆ ಮೈಯಿಂದ ಕಳಚಿ, ಗೋಡೆ ಹತ್ತಿ, ಸಂದಿಯಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಸಂಜೆ ಟಾರ್ಚ್ ಹಿಡಿದು ಬಾಗಿಲ ಚೌಕಟ್ಟಿನ ಹಿಂದೆ, ಶೀಟಿನ ಕೆಳಗಿನ ತೊಲೆಯ ಸಂದಿಯಲ್ಲಿ ನೋಡಿ, ಸಾಲಾಗಿ ಕೂತಿರುತ್ತವೆ. ಬಿರುಕುಗಳಿಗೆ ಸಿಮೆಂಟ್ ತುಂಬಿ. ಹಾಸಿದ ರಾಗಿ ಹುಲ್ಲು, ಗೋಣಿಚೀಲವನ್ನು ವಾರಕ್ಕೊಮ್ಮೆ ಬದಲಿಸಿ, ಹಳೆಯದನ್ನು ಸುಡಿ. ವೈದ್ಯರು ಹೇಳಿದ ಔಷಧಿಯನ್ನು ಅವರು ಹೇಳಿದ ಅಳತೆಯಲ್ಲೇ, ನಾಯಿಗಳನ್ನು ಹೊರಗೆ ಕಟ್ಟಿ, ಗೋಡೆಗೂ ನೆಲಕ್ಕೂ ಹೊಡೆಯಿರಿ. ಪೂರಾ ಒಣಗಿದ ಮೇಲೆ ಒಳಗೆ ಬಿಡಿ. ಔಷಧಿಗೆ ಮೊಟ್ಟೆ ಸಾಯದಿರುವುದರಿಂದ 15 ದಿನಕ್ಕೊಮ್ಮೆಯಂತೆ ಎರಡು ತಿಂಗಳು ಬಿಡದೆ ಹೊಡೆಯಬೇಕು. ಬೆಕ್ಕುಗಳಿದ್ದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಡಬ್ಬಿಯನ್ನು ಕೊಳ್ಳಬೇಡಿ. ಕಿತ್ತ ಉಣ್ಣೆಯನ್ನು ಉಗುರಲ್ಲಿ ಹಿಸುಕದೆ ಸೀಮೆಎಣ್ಣೆಯೋ ಸ್ಪಿರಿಟ್ಟೋ ಇರುವ ಬಾಟಲಿಗೆ ಹಾಕಿ ಮುಚ್ಚಳ ಬಿಗಿಮಾಡಿ.