ಪ್ರತಿಕ್ರಿಯೆ: ಅರ್ಜಿಯಲ್ಲಿ ಜನಾಂಗದ ಕಾಲಂ ಖಾಲಿ ಬಿಡಬೇಕೇ?

‘ಏಷ್ಯನ್’ ಎಂದು ಗುರುತು ಹಾಕಿದರೆ ಮಗಳಿಗೆ ಹಾರ್ವರ್ಡ್ ಕೈತಪ್ಪುತ್ತದೆಯೇ ಎಂಬ ನಿಮ್ಮ ಭಯಕ್ಕೆ ಕಾರಣ, ಏಷ್ಯನ್ ಎಂಬುದನ್ನು ಮರೆಮಾಡಿ ಎಂಬ ಹಳೆಯ ಸಲಹೆ ಇರಬಹುದು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುತ್ತಿದ್ದುದು ಕಾನೂನುಬಾಹಿರ ಎಂದು ತೀರ್ಪು ನೀಡಿದೆ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಂತೂ 1996ರ ಜನಮತದ ನಂತರ ಜನಾಂಗಕ್ಕೆ ಆದ್ಯತೆ ಕೊಡುವಂತಿಲ್ಲ.

ಮೊದಲು ಆ ಕಾಲಂ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್‌ನಲ್ಲಿ ಅದು ಕಡ್ಡಾಯವಲ್ಲ. ಉತ್ತರ ತಮಗೆ ಕಾಣದಂತೆ ಮಾಡಿಕೊಳ್ಳುವ ಅವಕಾಶವೂ ಕಾಲೇಜುಗಳಿಗಿದೆ. ನಿಜವನ್ನೇ ತುಂಬಿ ಅಥವಾ ಖಾಲಿ ಬಿಡಿ. ಸುಳ್ಳು ಮಾತ್ರ ಬೇಡ.

ನಂತರ ಅರ್ಜಿಯ ಜತೆ ಬರೆಯುವ ಪ್ರಬಂಧ. ಶ್ರಮವೆಲ್ಲ ಇಲ್ಲಿರಲಿ. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತೆಂದು ವಿದ್ಯಾರ್ಥಿ ಬರೆಯಬಹುದು, ಆದರೆ ಅದು ಅವಳ ಗುಣ ಅಥವಾ ಸಾಮರ್ಥ್ಯವನ್ನು ತೋರಬೇಕು ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದೇ ತೀರ್ಪಿನಲ್ಲಿ ಹೇಳಿದ್ದಾರೆ. ಆದ್ದರಿಂದ ಭರತನಾಟ್ಯ, ಯುಗಾದಿ ಎಂದು ಪಟ್ಟಿ ಕೊಡದೆ ಒಂದೇ ಘಟನೆಯನ್ನು ಹಿಡಿಯಲಿ. ನನ್ನ ಮಗ, ಆಸ್ಪತ್ರೆಯಲ್ಲಿ ವೈದ್ಯರ ಮಾತನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದುದನ್ನು ಬರೆದ. ಏಳು ಸಲ ತಿದ್ದಿದ. ಮಿತಿ 650 ಪದ. ಭಾರತೀಯಳೆಂದು ಗೊತ್ತಾಗದಂತೆ ಬರೆ ಎಂದು ದಯವಿಟ್ಟು ಅವಳಿಗೆ ಹೇಳಬೇಡಿ. ಹದಿನೇಳರ ಹುಡುಗಿಗೆ ಆ ಮಾತು ಬಹಳ ಕಾಲ ನೋಯುತ್ತದೆ.

ಆಮೇಲೆ ಅಂಕಗಳ ನಿಯಮ ನೋಡಿ. ಹಾರ್ವರ್ಡ್ ಮತ್ತು ಎಂಐಟಿ, ಎಸ್‌ಎಟಿಯಂಥ ಪ್ರವೇಶ ಪರೀಕ್ಷೆಯ ಅಂಕವನ್ನು ಮತ್ತೆ ಕೇಳುತ್ತಿವೆ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಂತೂ 1996ರ ಜನಮತದ ನಂತರ ಜನಾಂಗಕ್ಕೆ ಆದ್ಯತೆ ಕೊಡುವಂತಿಲ್ಲ.

ಇಷ್ಟಾದರೂ ಸೀಟು ಸಿಗುತ್ತದೆಯೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆಯನ್ನು ಆ ತೀರ್ಪು ನಿಲ್ಲಿಸಲಿಲ್ಲ. ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ ಅದೇ. ಅವಳು ಸಂತೋಷದಿಂದ ಸೇರಬಲ್ಲ ಮೂರು ನಾಲ್ಕು ಬೇರೆ ಕಾಲೇಜುಗಳನ್ನೂ ಈ ವಾರವೇ ಪಟ್ಟಿಗೆ ಸೇರಿಸಿ.